ಜೇನ್ ಏರ್ ಮತ್ತು ಇಂದಿರಾಬಾಯಿ

ವಿಕ್ಟೋರಿಯಾ ರಾಣಿಯ ಕಾಲದ ಆಂಗ್ಲ ಕಾದಂಬರಿಗಳಲ್ಲಿ ಸ್ತ್ರೀಯ ಸ್ಥಾನವನ್ನು ಗುಣಕ್ಕಿಂತ ಮಿಗಿಲಾಗಿ ಕುಲಧನಗಳೇ ನಿರ್ಣಯಿಸುತ್ತವೆ. ಷಾರ್ಲೆಟ್ ಬ್ರಾಂಟೆ 1847ರಲ್ಲಿ ಗುಪ್ತನಾಮದಿಂದ ಪ್ರಕಟಿಸಿದ ‘ಜೇನ್ ಏರ್’ ಇದಕ್ಕೆ ನಿದರ್ಶನ. ಅನಾಥೆಯಾದ ಜೇನ್ ಸಿರಿವಂತನ ಮನೆಯಲ್ಲಿ ಪಾಠ ಹೇಳುವವಳು. ವಿದ್ಯೆಯಿಂದ ಆಕೆ ಒಡೆಯರಿಗೆ ಸಮಾನಳು, ಸಂಬಳದಿಂದ ಸೇವಕಳು. ಎರಡು ಪಂಕ್ತಿಗಳಲ್ಲಿಯೂ ಆಕೆಗೆ ಎಲೆಯಿಲ್ಲ. ಒಡೆಯನನ್ನು ಆಕೆ ವರಿಸುವುದು ತಂದೆಯ ಸೋದರನ 20,000 ಪೌಂಡುಗಳ ಆಸ್ತಿ ದೊರೆತು, ಅದರ ಮುಕ್ಕಾಲು ಪಾಲನ್ನು ಬಂಧುಗಳಿಗೆ ಹಂಚಿದ ಮೇಲೆ. ಆ ಧನವಾದರೂ ಎಂಥದು! ಪತ್ನಿಯ ಸ್ವತ್ತು ಪತಿಯದೆಂಬ ನಿಯಮ ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ತೊಲಗಿದ್ದು 1882ರ ಶಾಸನದಿಂದ.

ಆ ರಾಣಿಯ ಆಳ್ವಿಕೆಯಲ್ಲಿಯೇ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿರೆ ನಿರ್ಧನೆಯಲ್ಲ, ಐಶ್ವರ್ಯವಂತನ ಮಗಳು. ಬಾಲವೈಧವ್ಯವು ಸಿರಿಯ ನಡುವೆಯೇ ಆಕೆಯನ್ನು ನಿರ್ಗತಿಕಳನ್ನಾಗಿಸಿತು. ಮನೆ ತೊರೆದ ಆಕೆ ಅಮೃತರಾಯನ ಆಶ್ರಯದಲ್ಲಿ ಓದಿ ಭಾಸ್ಕರರಾಯನನ್ನು ಮರುಮದುವೆಯಾಗುತ್ತಾಳೆ. ವಿಧವಾವಿವಾಹಕ್ಕೆ ಕಾನೂನಿನ ಸಮ್ಮತಿ 1856ರಲ್ಲಿಯೇ ದೊರೆತಿತ್ತು, ನೆರೆಹೊರೆಯ ಸಮ್ಮತಿ ದೊರೆತಿರಲಿಲ್ಲ. ಜೇನಳಿಗೆ ಧನವಿತ್ತ ಸ್ವಾತಂತ್ರ್ಯವನ್ನು ಇಂದಿರೆಗೆ ಅಕ್ಷರವಿತ್ತಿತು. ಆ ಅಕ್ಷರವಾದರೂ ಅಂದು ಉಳ್ಳವರ ಮನೆಯ ಸೊತ್ತು. ಮುಸುರೆ ತಿಕ್ಕುವವಳ ಬಾಳು ಎರಡು ಕೃತಿಗಳಲ್ಲಿಯೂ ಕಥೆಯ ನಡುವಿಗೆ ಬರುವುದಿಲ್ಲ.

ಇಂದಿರೆಯ ಕಥೆಯನ್ನು ಹೇಳಿದವರು ಪುರುಷರು. ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡಿನ ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಮ್ಮ ‘ಸುಶೀಲೆ’ಯನ್ನು ತಾವೇ ಪ್ರಕಟಿಸಿದರು.