ಹೆರಿಗೆ ರಜೆಯ ನಂತರ ಪಗಾರಿ ರಜೆ

ಹೆರಿಗೆ ರಜೆ ಮುಗಿಯುತ್ತ ಬಂದಾಗ ಕೂಸಿನ ಸಲುವಾಗಿ ಇನ್ನೂ ಎಂಟು-ಹತ್ತು ದಿನ ಬೇಕೆನಿಸುವುದು ಸಹಜ. ಆಗ ಗಿರಣಿ, ಕಾರ್ಖಾನೆಗಳ ಅನೇಕ ಸೋದರಿಯರು ಪಗಾರವಿಲ್ಲದ ರಜೆ ಕೇಳುತ್ತಾರೆ. ತಮ್ಮ ಲೆಕ್ಕದಲ್ಲಿ ಪಗಾರಿ ರಜೆ ಉಳಿದಿರುವುದು ಅವರಿಗೆ ತಿಳಿದಿರುವುದಿಲ್ಲ. ಹೆರಿಗೆ ರಜೆ ಬೇರೆ, ದುಡಿದು ಗಳಿಸಿದ ವಾರ್ಷಿಕ ರಜೆ ಬೇರೆ.

ಲೆಕ್ಕ ಹೀಗಿದೆ. 1948ರ ಕಾರ್ಖಾನೆ ಕಾಯದೆಯಂತೆ ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಈ ರಜೆ ಸಿಗುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 180 ದಿನ ಸಾಕು. ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ರಜೆ. ಹೆರಿಗೆ ರಜೆಯ ದಿನಗಳು ಆ 180ರ ಎಣಿಕೆಗೆ ಸೇರುತ್ತವೆ; ಆದರೆ ಅವುಗಳ ಮೇಲೆ ಹೊಸ ರಜೆ ಹುಟ್ಟುವುದಿಲ್ಲ.

ಉದಾಹರಣೆಗೆ, ಒಬ್ಬಾಕೆ ಒಂದು ವರ್ಷದಲ್ಲಿ 100 ದಿನ ದುಡಿದು, 26 ವಾರ, ಅಂದರೆ 182 ದಿನ, ಹೆರಿಗೆ ರಜೆ ಪಡೆದಳೆನ್ನಿರಿ. ಒಟ್ಟು 282 ಆಯಿತು; ಹಕ್ಕು ಬಂದಿತು. ಆದರೆ ರಜೆಯನ್ನು 100 ದಿನಕ್ಕಷ್ಟೇ ಎಣಿಸಬೇಕು: 5 ದಿನ. ಹಿಂದಿನ ವರ್ಷದಿಂದ 30 ದಿನದವರೆಗೆ ಉಳಿಕೆ ಬಂದಿದ್ದರೆ ಅದನ್ನೂ ಕೂಡಿಸಿರಿ.

ಆದುದರಿಂದ ಹೆರಿಗೆಗೆ ಹೋಗುವ ಮುಂಚೆಯೇ ಆಫೀಸಿನಲ್ಲಿ ಉಳಿಕೆ ಕೇಳಿ ಬರೆದಿಟ್ಟುಕೊಳ್ಳಿರಿ. ಕೆಲಸಕ್ಕೆ ಮರಳುವ ದಿನಕ್ಕಿಂತ ಹದಿನೈದು ದಿನ ಮೊದಲು ಅರ್ಜಿ ಕೊಟ್ಟು, ನಕಲಿನ ಮೇಲೆ ಸಹಿ ಪಡೆಯಿರಿ. ಕೇಳಿದ ರಜೆಯನ್ನು ನಿರಾಕರಿಸಿದರೆ ಅದು 30ರ ಮಿತಿಯಿಲ್ಲದೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಅದಕ್ಕೆ ಆ ನಕಲೇ ಆಧಾರ. ಎಲ್ಲವನ್ನೂ ಒಮ್ಮೆಲೇ ತೀರಿಸದೆ, ಲಸಿಕೆ, ಜ್ವರಗಳಿಗೆಂದು ಎರಡು ದಿನ ಉಳಿಸಿರಿ.

ಓದುಬಾರದ ನೆರೆಯವರಿಗೆ ಇದನ್ನು ಓದಿ ಹೇಳಬೇಕಾಗಿ ವಿನಂತಿ.