ಛಾಯಾಗ್ರಾಹಕರು ಬೇಡುವ ಕೆಮರಾ ಎಂತಹುದು?

ಕಳೆದ ವರ್ಷದ ವಾರ್ಷಿಕೋತ್ಸವದ ರಾತ್ರಿ ನಮ್ಮ ಶಾಲೆಯ ಮಕ್ಕಳು ಅಂಗಳದಲ್ಲಿ ಯಕ್ಷಗಾನ ಆಡಿದುದು ಓದುಗರ ನೆನಪಿನಲ್ಲಿರಬಹುದು. ರಂಗಸ್ಥಳದ ಮುಂದೆ ಕುಳಿತಿದ್ದ ತಾಯಂದಿರ ಕೈಗಳಲ್ಲೆಲ್ಲ ಅಂದು ಮೊಬೈಲ್ ಫೋನುಗಳಿದ್ದುವು. ಮರುದಿನ ಆ ಚಿತ್ರಗಳನ್ನು ನಾವೂ ನೋಡಿದೆವು. ನಿಂತು ಅರ್ಥ ಹೇಳುತ್ತಿದ್ದ ವೇಷಗಳು ಅಂದವಾಗಿಯೇ ಬಂದಿದ್ದುವು. ಧೀಂಗಿಣ ಹಾಕುತ್ತಿದ್ದ ಬಾಲಕನು ಮಾತ್ರ ಬಣ್ಣದ ಒಂದು ಮೋಡವಾಗಿದ್ದನು, ಚೆಂಡೆಯವರ ಕೈಯ ಕೋಲು ಕಾಣೆಯಾಗಿತ್ತು. ಪೇಟೆಯಿಂದ ಕರೆಯಿಸಿದ್ದ ಛಾಯಾಗ್ರಾಹಕರು ಅದೇ ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಾದರೋ ಅದೇ ಬಾಲಕನ ಗೆಜ್ಜೆಯ ಮಣಿಗಳನ್ನು ಎಣಿಸಬಹುದಾಗಿತ್ತು. ಆಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ನನ್ನ ಮಗನ ಫೋನಿನಲ್ಲಿ ಇಪ್ಪತ್ತು ಕೋಟಿ ಪಿಕ್ಸೆಲ್ ಉಂಟಂತೆ ಮಾಷ್ಟ್ರೇ. ಆ ಫೋಟೋದವರ ಕೆಮರಾದಲ್ಲಿ ಎರಡೂವರೆ ಕೋಟಿಯೂ ಇಲ್ಲವಂತೆ. ಮತ್ತೆ ಇದು ಹೇಗೆ?"

ಪ್ರಶ್ನೆ ಚೆನ್ನಾಗಿದೆ. ಇದಕ್ಕೆ ಉತ್ತರ ತಿಳಿಯಬೇಕಾದರೆ, ಕೆಮರಾದಿಂದಲೇ ಜೀವನ ಸಾಗಿಸುವವರು ತಮಗೆ ಬರಲಿರುವ ಹೊಸ ಕೆಮರಾ ಹೇಗಿರಬೇಕೆಂದು ಕೇಳುತ್ತ ಬಂದಿದ್ದಾರೆ ಎಂಬುದನ್ನು ನೋಡಬೇಕು.

ಡಿಜಿಟಲ್ ಕೆಮರಾದಲ್ಲಿ ಫಿಲ್ಮಿನ ಸ್ಥಾನದಲ್ಲಿ ಸಿಲಿಕಾನಿನ ಒಂದು ಸಣ್ಣ ಹಲಗೆಯಿದೆ. ಇದಕ್ಕೆ ಸಂವೇದಕವೆಂದು ಹೆಸರು. ಅದರ ಮೇಲೆ ಲಕ್ಷಾಂತರ ಚೌಕಗಳಿವೆ. ಪ್ರತಿಯೊಂದು ಚೌಕವೂ ತನ್ನ ಮೇಲೆ ಬಿದ್ದ ಬೆಳಕನ್ನು ಅಳೆದು ಚಿತ್ರದ ಒಂದು ಬಿಂದುವನ್ನು ಕೊಡುತ್ತದೆ. ಆ ಬಿಂದುವೇ ಪಿಕ್ಸೆಲ್. ಅಮೆರಿಕದ ಕೊಡಾಕ್ ಸಂಸ್ಥೆಯ ಇಂಜಿನಿಯರರಾದ ಸ್ಟೀವನ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕೆಮರಾವನ್ನು ಕಟ್ಟಿದಾಗ ಅದರಲ್ಲಿದ್ದ ಬಿಂದುಗಳು ಕೇವಲ 10,000. ಚಿತ್ರ ಕಪ್ಪುಬಿಳುಪಿನದು, ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆಯಲು 23 ಸೆಕೆಂಡುಗಳು ಬೇಕಾಗುತ್ತಿದ್ದುವು. ಅದೇ ಸಂಸ್ಥೆ 1991ರಲ್ಲಿ ಪತ್ರಿಕಾ ಛಾಯಾಗ್ರಾಹಕರಿಗೆಂದು ಮಾರಿದ ಕೆಮರಾದಲ್ಲಿ 13 ಲಕ್ಷ, ನಿಕಾನ್ ಸಂಸ್ಥೆಯ 1999ರ ಡಿ1 ಕೆಮರಾದಲ್ಲಿ ಸುಮಾರು 27 ಲಕ್ಷ ಬಿಂದುಗಳಿದ್ದುವು.

ಆ ದಿನಗಳಲ್ಲಿ ಛಾಯಾಗ್ರಾಹಕರು ಹೆಚ್ಚು ಬಿಂದುಗಳನ್ನು ಕೇಳಿದುದು ನ್ಯಾಯವೇ ಆಗಿತ್ತು. ಲೆಕ್ಕ ಮಾಡಿ ನೋಡೋಣ. ಒಳ್ಳೆಯ ಮುದ್ರಣಕ್ಕೆ ಅಂಗುಲವೊಂದಕ್ಕೆ 300 ಬಿಂದುಗಳು ಬೇಕೆಂದು ಹೇಳುವುದುಂಟು. 8 ಅಂಗುಲ ಅಗಲ, 10 ಅಂಗುಲ ಉದ್ದದ ಪುಟಕ್ಕೆ 2,400ನ್ನು 3,000ದಿಂದ ಗುಣಿಸಿದರೆ 72 ಲಕ್ಷ. ಎದುರುಬದುರಿನ ಎರಡು ಪುಟಗಳನ್ನು ತುಂಬುವ ಚಿತ್ರಕ್ಕೆ 1 ಕೋಟಿ 44 ಲಕ್ಷ. ಅಷ್ಟಾದ ಮೇಲೆ ಪತ್ರಿಕೆಯ ಛಾಯಾಗ್ರಾಹಕನಿಗೆ ಬಿಂದುಗಳ ಹಸಿವು ತೀರಿತು. ಅವನ ಹಸಿವು ಬೇರೆಯ ಕಡೆಗೆ ತಿರುಗಿತು. ಅವನಿಗೆ ಬೇಕಾದುದು ಬೆಳಕು.

ಇಲ್ಲಿ ಮಕ್ಕಳು ಸ್ವಲ್ಪ ಮನಸ್ಸಿಟ್ಟು ಓದಬೇಕು. ಬೆಳಕು ನೀರಿನ ಧಾರೆಯಂತೆ ಏಕವಾಗಿ ಹರಿಯದೆ, ಫೋಟಾನುಗಳೆಂಬ ಬಿಡಿಬಿಡಿಯಾದ ಕಣಗಳಾಗಿ ಬರುತ್ತದೆ, ಮಳೆಯ ಹನಿಗಳಂತೆ. ತುಂತುರು ಮಳೆಯಲ್ಲಿ ಅಂಗಳದ ತುಂಬ ತೆಂಗಿನ ಗೆರಟೆಗಳನ್ನು ಜೋಡಿಸಿಟ್ಟು ಒಂದು ನಿಮಿಷ ಕಾದು ನೋಡಿರಿ. ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏಳು ಹನಿ ಬಿದ್ದಿರುತ್ತವೆ. ಮಳೆ ಒಂದೇ ಆದರೂ ಅಳತೆ ಒಂದೇ ಅಲ್ಲ. ದೊಡ್ಡ ಕೊಪ್ಪರಿಗೆಗಳನ್ನಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣದು. ಗಣಿತದಲ್ಲಿ ಇದಕ್ಕೊಂದು ನಿಯಮವುಂಟು: ಈ ಏರುಪೇರಿನ ಪ್ರಮಾಣವು ಕಣಗಳ ಸಂಖ್ಯೆಯ ವರ್ಗಮೂಲದಷ್ಟು. 10,000 ಕಣಗಳು ಬೀಳುವಲ್ಲಿ ಏರುಪೇರು 100, ಎಂದರೆ ನೂರರಲ್ಲೊಂದು ಪಾಲು. ಅದು ಯಾರಿಗೂ ತಿಳಿಯದು. 100 ಕಣಗಳೇ ಬೀಳುವಲ್ಲಿ ಏರುಪೇರು 10, ಎಂದರೆ ಹತ್ತರಲ್ಲೊಂದು ಪಾಲು. ಕತ್ತಲಲ್ಲಿ ತೆಗೆದ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವ ಕಲೆಗಳು ಇವೇ. ಅದು ಹೆಚ್ಚಿನ ಮಟ್ಟಿಗೆ ಯಂತ್ರದ ದೋಷವಲ್ಲ; ಬೆಳಕಿನ ಸ್ವಭಾವವೇ ಹಾಗೆ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ಆ ಛಾಯಾಗ್ರಾಹಕರ ಕೆಮರಾದ ಸಂವೇದಕ 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲವುಳ್ಳದ್ದು. ಹೆಚ್ಚಿನ ಫೋನುಗಳ ಸಂವೇದಕದ ವಿಸ್ತಾರ ಇದರ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಆ ಪುಟ್ಟ ಜಾಗದಲ್ಲಿ 20 ಕೋಟಿ ಚೌಕಗಳನ್ನು ಕೂರಿಸಿದರೆ ಒಂದೊಂದು ಚೌಕದ ಬದಿಯೂ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಆರು ಪಾಲಿನಷ್ಟಾಗುತ್ತದೆ. ದೊಡ್ಡ ಕೆಮರಾದ ಚೌಕವು ವಿಸ್ತಾರದಲ್ಲಿ ಅದರ ನೂರು ಪಾಲು. ಗೆರಟೆಯೆಲ್ಲಿ, ಕೊಪ್ಪರಿಗೆಯೆಲ್ಲಿ! ಫೋನು ಮಾಡಿದವರು ಇದನ್ನು ಬಲ್ಲರು. ಆದುದರಿಂದಲೇ ಅಂತಹ ಫೋನು ಸಾಮಾನ್ಯವಾಗಿ 16 ಚೌಕಗಳನ್ನು ಕೂಡಿಸಿ ಒಂದೆಂದು ಎಣಿಸುತ್ತದೆ. ಇಪ್ಪತ್ತು ಕೋಟಿಯನ್ನು ಹದಿನಾರರಿಂದ ಭಾಗಿಸಿದರೆ ಉಳಿಯುವುದು 1 ಕೋಟಿ 25 ಲಕ್ಷ! ಸಾಲದುದಕ್ಕೆ ಅದು ಬೆನ್ನುಬೆನ್ನಿಗೆ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ನಿಂತ ವೇಷಕ್ಕೆ ಈ ಉಪಾಯ ಫಲಿಸುತ್ತದೆ. ಧೀಂಗಿಣದ ಬಾಲಕನು ಒಂದೊಂದು ಚಿತ್ರದಲ್ಲಿಯೂ ಒಂದೊಂದು ಕಡೆ ಇರುವುದರಿಂದ ಅವನನ್ನು ಕೂಡಿಸುವುದು ಕಷ್ಟ. ಅವನನ್ನು ಹಿಡಿಯಲು ಸೆಕೆಂಡಿನ 500ರಲ್ಲೊಂದು ಪಾಲು ಮಾತ್ರ ಕಣ್ತೆರೆದು ಮುಚ್ಚಬೇಕು. ಅಷ್ಟರಲ್ಲಿ ಸಾಕಷ್ಟು ಬೆಳಕು ಕುಡಿಯಬಲ್ಲ ದೊಡ್ಡ ಮಸೂರವೂ ದೊಡ್ಡ ಸಂವೇದಕವೂ ಬೇಕು.

ಛಾಯಾಗ್ರಾಹಕರ ಈ ಬೇಡಿಕೆ ಕೆಮರಾಗಳ ಚರಿತ್ರೆಯಲ್ಲಿ ಎದ್ದು ಕಾಣುತ್ತದೆ. 2007ರಲ್ಲಿ ಕೆನಾನ್ ಸಂಸ್ಥೆ 2 ಕೋಟಿ 11 ಲಕ್ಷ ಬಿಂದುಗಳ ಕೆಮರಾವನ್ನು ತಂದಿತು. ಅದೇ ವರ್ಷ ನಿಕಾನ್ ತಂದ ಡಿ3ಯಲ್ಲಿದ್ದುದು 1 ಕೋಟಿ 21 ಲಕ್ಷ ಮಾತ್ರ. ಆದರೆ ಅದು ಎಷ್ಟೋ ಹೆಚ್ಚಿನ ಕತ್ತಲಲ್ಲಿ ಕೆಲಸ ಮಾಡುತ್ತಿತ್ತು, ರಾತ್ರಿಯ ಕ್ರೀಡೆಗಳನ್ನು ಚಿತ್ರಿಸುವವರು ಅದನ್ನು ಮೆಚ್ಚಿಕೊಂಡರು. ಕೆನಾನ್ 2011ರಲ್ಲಿ ತನ್ನ ಎರಡು ಹಿರಿಯ ಕೆಮರಾಗಳನ್ನು ಒಂದುಗೂಡಿಸಿದಾಗ ಬಿಂದುಗಳನ್ನು 1 ಕೋಟಿ 81 ಲಕ್ಷಕ್ಕೆ ಇಳಿಸಿತು. ಪ್ಯಾರಿಸಿನ ಒಲಿಂಪಿಕ್ ಕ್ರೀಡೆಗಳಿಗೆ ಮುಂಚಿತವಾಗಿ 2024ರ ಜುಲೈಯಲ್ಲಿ ಅದು ಪ್ರಕಟಿಸಿದ ಆರ್1 ಕೆಮರಾದಲ್ಲಿ ಬಿಂದುಗಳು 2 ಕೋಟಿ 42 ಲಕ್ಷ. ಇದಕ್ಕಿಂತ ಕಡಿಮೆ ಬೆಲೆಗೆ 4 ಕೋಟಿ 50 ಲಕ್ಷದ ಕೆಮರಾವನ್ನು ಅದೇ ಸಂಸ್ಥೆ 2020ರಲ್ಲೇ ಮಾರಿತ್ತು.

ಹಾಗೆಂದು ಎಲ್ಲರ ಬಯಕೆಯೂ ಒಂದೇ ಎಂದು ತಿಳಿಯಬಾರದು. ಬೆಟ್ಟವನ್ನೂ ದೇವಾಲಯದ ಶಿಲ್ಪವನ್ನೂ ಚಿತ್ರಿಸುವವರಿಗೆ ವಸ್ತು ಕದಲದೆ ನಿಲ್ಲುತ್ತದೆ. ಅವರು ಇನ್ನೂ ಹೆಚ್ಚು ಬಿಂದುಗಳನ್ನೇ ಕೇಳುತ್ತಾರೆ. ಅವರಿಗಾಗಿ 10 ಕೋಟಿ ಬಿಂದುಗಳ, ಇನ್ನೂ ದೊಡ್ಡ ಸಂವೇದಕದ ಕೆಮರಾಗಳಿವೆ.

ಎರಡನೆಯ ಬೇಡಿಕೆ ನಿಶ್ಶಬ್ದದ್ದು. ಹಳೆಯ ಕೆಮರಾದಲ್ಲಿ ಒಳಗಿನ ಕನ್ನಡಿ ಮೇಲೆದ್ದು ಶಟರು ತೆರೆದು ಮುಚ್ಚುವಾಗ ಟಕ್ಕೆಂದು ಸದ್ದಾಗುತ್ತಿತ್ತು. ಆ ಸದ್ದಿಗೆ ಜಿಂಕೆ ಓಡುತ್ತದೆ, ಸಂಗೀತ ಕಚೇರಿಯಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಶಟರನ್ನೇ ತೆಗೆದುಹಾಕಿ ಸಂವೇದಕವನ್ನು ವಿದ್ಯುತ್ತಿನಿಂದಲೇ ತೆರೆದು ಮುಚ್ಚಿದರೆ ಸದ್ದಿಲ್ಲ. ಆದರೆ ಹೊಸ ತೊಡಕೊಂದು ಹುಟ್ಟಿತು. ಸಂವೇದಕವು ತನ್ನ ಸಾಲುಗಳನ್ನು ನಾವು ಪುಟ ಓದುವಂತೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಓದುತ್ತದೆ. ಕೊನೆಯ ಸಾಲನ್ನು ಮುಟ್ಟುವಷ್ಟರಲ್ಲಿ ಓಡುವ ವಸ್ತು ಮುಂದೆ ಹೋಗಿರುತ್ತದೆ. ಮನೆಯಲ್ಲಿ ತಿರುಗುವ ಫ್ಯಾನಿನ ಚಿತ್ರವನ್ನು ಬೆಳಕಿರುವಾಗ ಫೋನಿನಲ್ಲಿ ತೆಗೆದು ನೋಡಿರಿ. ರೆಕ್ಕೆಗಳು ಬಾಗಿದ ಕತ್ತಿಗಳಂತೆ ಕಾಣಬಹುದು. ನಿಕಾನಿನ 2021ರ ಝಡ್9 ಕೆಮರಾ ಬಹು ವೇಗವಾಗಿ ಓದಿ ಈ ದೋಷವನ್ನು ತೀರ ಕಡಿಮೆ ಮಾಡಿತು, ಯಂತ್ರದ ಶಟರನ್ನು ಪೂರ್ತಿಯಾಗಿ ಬಿಟ್ಟಿತು. ತಮಾಷೆಯೆಂದರೆ, ಸದ್ದಿಲ್ಲದ ಆ ಕೆಮರಾದಲ್ಲಿ ಬೇಕೆಂದವರಿಗೆ ಕೃತಕವಾದ ಟಕ್ ಸದ್ದನ್ನೂ ಇಟ್ಟಿದ್ದಾರೆ! ಸೋನಿ ಸಂಸ್ಥೆ 2023ರ ನವೆಂಬರಿನಲ್ಲಿ ಪ್ರಕಟಿಸಿದ ಕೆಮರಾ ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಚೆಂಡೆಯ ಕೋಲು ಇನ್ನು ಬಾಗದು. ಇದಕ್ಕೂ ತೆರಬೇಕಾದ ಬೆಲೆಯುಂಟು. ಪ್ರತಿ ಚೌಕದಲ್ಲಿಯೂ ಅಳತೆಯನ್ನು ತಡೆದಿಡಲು ಸ್ಥಳ ಬೇಕಾದುದರಿಂದ ಬೆಳಕನ್ನು ತುಂಬಿಕೊಳ್ಳುವ ಪಾತ್ರೆ ಚಿಕ್ಕದಾಯಿತು. ಒಂದನ್ನು ಕೇಳಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ.

ಇತ್ತೀಚೆಗೆ ಬಂದ ಇನ್ನೊಂದು ಸೌಕರ್ಯ ನಮಗೆ ಸ್ವಲ್ಪ ವಿಚಿತ್ರವೆನಿಸಿದೆ. ಮಿಂಚುಳ್ಳಿ ನೀರಿಗೆ ಎರಗುವುದನ್ನು ಕಂಡು ಬೆರಳು ಒತ್ತುವಷ್ಟರಲ್ಲಿ ಹಕ್ಕಿ ಮೀನು ಹಿಡಿದು ಹೋಗಿರುತ್ತದೆ. ಹೊಸ ಕೆಮರಾಗಳು ಗುಂಡಿಯನ್ನು ಅರ್ಧ ಒತ್ತಿ ಹಿಡಿದಾಗಲೇ ಚಿತ್ರಗಳನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದು, ಪೂರ್ತಿ ಒತ್ತಿದೊಡನೆ ಅದಕ್ಕೆ ಹಿಂದಿನ ಅರ್ಧ ಸೆಕೆಂಡಿನದನ್ನೋ ಒಂದು ಸೆಕೆಂಡಿನದನ್ನೋ ಉಳಿಸಿಕೊಡುತ್ತವೆ. ಕಾಡಿನಲ್ಲಿ ವಾರಗಟ್ಟಲೆ ಕಾಯುವವರಿಗೆ ಇದು ದೊಡ್ಡ ವರ. ಆದರೆ ಆ ಕ್ಷಣವನ್ನು ಆರಿಸಿದವರು ಛಾಯಾಗ್ರಾಹಕರೋ ಕೆಮರಾವೋ? ಇದನ್ನು ಮೇಲಿನ ತರಗತಿಗಳ ಮಕ್ಕಳು ಚರ್ಚಾಸ್ಪರ್ಧೆಗೆ ವಿಷಯವಾಗಿ ತೆಗೆದುಕೊಳ್ಳಬಹುದು.

ಮದುವೆಯ ಛಾಯಾಗ್ರಾಹಕರ ಬೇಡಿಕೆ ಬಹು ಸರಳವಾಗಿತ್ತು: ಮೆಮೊರಿ ಕಾರ್ಡಿಗೆ ಎರಡು ಗೂಡುಗಳಿರಲಿ. ಒಂದು ಕಾರ್ಡು ಕೆಟ್ಟರೆ ಇನ್ನೊಂದರಲ್ಲಿ ಪ್ರತಿಯಿರುತ್ತದೆ. ಧಾರೆಯನ್ನು ಚಿತ್ರಕ್ಕಾಗಿ ಎರಡನೆಯ ಸಲ ಎರೆಯಿಸಲಾದೀತೆ? 2018ರಲ್ಲಿ ನಿಕಾನ್ ಮತ್ತು ಕೆನಾನ್ ಕನ್ನಡಿಯಿಲ್ಲದ ತಮ್ಮ ಹೊಸ ದೊಡ್ಡ ಕೆಮರಾಗಳಲ್ಲಿ ಒಂದೇ ಗೂಡನ್ನಿಟ್ಟಾಗ ಎಲ್ಲೆಡೆಯಿಂದಲೂ ಆಕ್ಷೇಪ ಬಂದಿತು. 2020ರಲ್ಲಿ ಎರಡು ಸಂಸ್ಥೆಗಳೂ ಎರಡೆರಡು ಗೂಡುಗಳ ಕೆಮರಾಗಳನ್ನು ತಂದುವು.

ಪತ್ರಿಕೆಯವರಿಗೆ ಇದಕ್ಕಿಂತ ಗಂಭೀರವಾದ ಚಿಂತೆಗಳಿವೆ. 2016ರ ಡಿಸೆಂಬರಿನಲ್ಲಿ 150ಕ್ಕೂ ಹೆಚ್ಚು ಚಲನಚಿತ್ರಕಾರರೂ ಪತ್ರಿಕಾ ಛಾಯಾಗ್ರಾಹಕರೂ ಕೆಮರಾ ಸಂಸ್ಥೆಗಳಿಗೆ ಬಹಿರಂಗ ಪತ್ರವೊಂದನ್ನು ಬರೆದರು. ತೆಗೆದ ಚಿತ್ರಗಳನ್ನು ಕೆಮರಾದೊಳಗೇ ಗೂಢಲಿಪಿಯಲ್ಲಿ ಬಚ್ಚಿಡುವ ವ್ಯವಸ್ಥೆ ಬೇಕೆಂಬುದು ಅವರ ಕೋರಿಕೆ. ಗಡಿಯಲ್ಲೋ ಠಾಣೆಯಲ್ಲೋ ಕೆಮರಾವನ್ನು ಕಸಿದುಕೊಂಡರೆ ಅದರೊಳಗಿನ ಮುಖಗಳೆಲ್ಲ ಬಯಲಾಗುತ್ತವೆ. ಛಾಯಾಗ್ರಾಹಕನನ್ನು ನಂಬಿ ಮಾತನಾಡಿದವರು ಅಪಾಯಕ್ಕೆ ಸಿಲುಕುತ್ತಾರೆ.

ಮತ್ತೊಂದು ಚಿಂತೆ ಸತ್ಯದ್ದು. ಈಗ ಕೃತಕ ಬುದ್ಧಿಮತ್ತೆಯು ನಡೆಯದ ಸಂಗತಿಯ ಚಿತ್ರವನ್ನೂ ಕ್ಷಣದಲ್ಲಿ ಬರೆದುಕೊಡುತ್ತದೆ. ನಿಜವಾಗಿ ಪ್ರವಾಹದಲ್ಲಿ ನಿಂತು ತೆಗೆದ ಚಿತ್ರವನ್ನು ಜನ ನಂಬುವುದು ಹೇಗೆ? ಲೈಕಾ ಸಂಸ್ಥೆಯ ಎಂ11-ಪಿ ಎಂಬ ಕೆಮರಾ 2023ರ ಅಕ್ಟೋಬರಿನಲ್ಲಿ ಇದಕ್ಕೊಂದು ದಾರಿ ತೋರಿತು. ಅದು ಚಿತ್ರ ತೆಗೆದೊಡನೆಯೇ ಗಣಿತದ ಒಂದು ಮುದ್ರೆಯನ್ನು ಒತ್ತುತ್ತದೆ. ಅನಂತರ ಚಿತ್ರವನ್ನು ತಿದ್ದಿದರೆ ಮುದ್ರೆ ಅದಕ್ಕೆ ಹೊಂದುವುದಿಲ್ಲ. ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ ಇದು. ಲಕೋಟೆಯನ್ನು ಯಾರೂ ಒಡೆದಿಲ್ಲವೆಂಬುದಕ್ಕೆ ಅರಗು ಸಾಕ್ಷಿಯಾದೀತು. ಒಳಗಿನ ಕಾಗದದಲ್ಲಿ ಬರೆದುದು ನಿಜವೆಂಬುದಕ್ಕೆ ಆಗಲಾರದು. ಬೇಕೆಂದೇ ವೇಷ ಕಟ್ಟಿ ನಿಲ್ಲಿಸಿದ ದೃಶ್ಯಕ್ಕೂ ಕೆಮರಾ ಅದೇ ಮುದ್ರೆಯನ್ನು ಒತ್ತುತ್ತದೆ.

ಇಷ್ಟೆಲ್ಲ ಓದಿ ತಿಳಿದ ಮೇಲೆ ನಾವು ವಾರ್ಷಿಕೋತ್ಸವಕ್ಕೆ ಬಂದಿದ್ದ ಆ ಛಾಯಾಗ್ರಾಹಕರನ್ನು ಕಂಡು, ಮುಂದಿನ ಕೆಮರಾದಲ್ಲಿ ನಿಮಗೇನು ಬೇಕೆಂದು ಕೇಳಿದೆವು. ಕನ್ನಡಿಯಿದ್ದ 2016ರ ನಿಕಾನ್ ಡಿ5 ಒಂದು ಬ್ಯಾಟರಿಯಲ್ಲಿ ಸುಮಾರು 3,780 ಚಿತ್ರಗಳನ್ನು ತೆಗೆಯಬಲ್ಲುದೆಂದು ಸಂಸ್ಥೆಯ ಲೆಕ್ಕ. ಕನ್ನಡಿಯಿಲ್ಲದ ಝಡ್9ರ ಲೆಕ್ಕ ಅದೇ ಅಳತೆಯಲ್ಲಿ ಸುಮಾರು 700. ಒಳಗಿನ ಪುಟ್ಟ ಪರದೆಯು ಸದಾ ಉರಿಯುತ್ತಿರಬೇಕಾದುದೇ ಇದಕ್ಕೆ ಮುಖ್ಯ ಕಾರಣ. ನಮ್ಮ ಪ್ರಶ್ನೆಗೆ ಅವರು ಹೆಚ್ಚು ಯೋಚಿಸಲಿಲ್ಲ. "ಮೇಳದ ಆಟ ಮುಗಿಯುವುದು ಬೆಳಗ್ಗೆ ಮಾಷ್ಟ್ರೇ," ಎಂದರು, "ಬ್ಯಾಟರಿ ಅಲ್ಲಿಯ ತನಕ ಬರಲಿ."