ಆಸ್ಪತ್ರೆಯ ಬಿಲ್ಲು ತೀರಿದ ಮೇಲಿನ ಖರ್ಚು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೃದಯದ ಚಿಕಿತ್ಸೆಯವೇ ಬಹಳ. ಆಂಜಿಯೋಪ್ಲಾಸ್ಟಿಗೋ ಬೈಪಾಸ್‌ಗೋ ಆಸ್ಪತ್ರೆಯ ಹೆಸರಿಗೆ ಚೆಕ್ ಬರೆಯುತ್ತೇವೆ. ಕಾಮರ್ಸ್ ಓದಿದವನ ಮಾತಿನಲ್ಲಿ ಅದು ಬಂಡವಾಳ ವೆಚ್ಚ. ಅದರ ಬೆನ್ನಿಗೇ ಬರುವ ರಾಜಸ್ವ ವೆಚ್ಚವೆಂದರೆ ತಿಂಗಳು ತಿಂಗಳಿನ ಮಾತ್ರೆ. ಅದಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ.

ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಬರೆದುಕೊಡುವುದು ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಇನ್ನೊಂದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಜೊತೆಗೆ ಬಿ.ಪಿ. ಮತ್ತು ಹೃದಯಬಡಿತದ ಮಾತ್ರೆಗಳು. ಸ್ಟೆಂಟ್ ಹಾಕಿಸಿಕೊಂಡವರು ಮೊದಲ ತಿಂಗಳುಗಳಲ್ಲಿ ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಆಗ ನಾವು ಕೊಟ್ಟ ಚೆಕ್ಕೂ ಹೋಯಿತು, ಮನುಷ್ಯನೂ ಹೋಗಬಹುದು.

2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 17 ದೇಶಗಳ 'ಪ್ಯೂರ್' ಅಧ್ಯಯನ ಪ್ರಕಟವಾಯಿತು. ಭಾರತವೂ ಸೇರಿದ್ದ ಬಡ ದೇಶಗಳ ಗುಂಪಿನಲ್ಲಿ, ಹೃದ್ರೋಗವೋ ಪಾರ್ಶ್ವವಾಯುವೋ ಆಗಿದ್ದವರ ಪೈಕಿ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರು ಶೇ. 3.3, ಆಸ್ಪಿರಿನ್ ಬಗೆಯವನ್ನು ತೆಗೆದುಕೊಳ್ಳುತ್ತಿದ್ದವರು ಶೇ. 8.8 ಮಾತ್ರ.

ಹಣವಿಲ್ಲದ್ದೇ ಕಾರಣ ಎನ್ನೋಣವೇ? ಅದೇ ವರ್ಷ ಅಮೆರಿಕದಲ್ಲಿ ಹೃದಯಾಘಾತವಾದವರಿಗೆ ಮಾತ್ರೆಗಳನ್ನು ಪೂರ್ತಿ ಉಚಿತವಾಗಿ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ ಬಂತು. ತಪ್ಪದೆ ತೆಗೆದುಕೊಂಡವರ ಪ್ರಮಾಣ ಏರಿದ್ದು ನೂರಕ್ಕೆ ನಾಲ್ಕರಿಂದ ಆರು. ಪುಕ್ಕಟೆ ಕೊಟ್ಟರೂ ಸುಮಾರು ಅರ್ಧದಷ್ಟು ಜನ ಸರಿಯಾಗಿ ನುಂಗಲಿಲ್ಲ.

ಮನೆಗಳಿಗೆ ಹೋಗಿ ಕೂತು ಮಾತಾಡಿದರೆ ಬೇರೆ ಕಾರಣಗಳು ಹೊರಬೀಳುತ್ತವೆ. ವೆಸ್ಟ್ ಮಾಂಬಲಂನಲ್ಲಿ ನಮ್ಮ ಫಲಾನುಭವಿಯೊಬ್ಬರಿದ್ದಾರೆ, ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. "ಎದೆನೋವು ಇಲ್ಲ ಮಾರಾಯ್ರೆ, ಮತ್ತೆಂತಕ್ಕೆ ದಿನಾ?" ಎಂದರು. ದಿನ ಬಿಟ್ಟು ದಿನ ನುಂಗಿ ಒಂದು ತಿಂಗಳಿನ ಮಾತ್ರೆಯನ್ನು ಎರಡು ತಿಂಗಳು ಎಳೆಯುತ್ತಿದ್ದರು. ತಮಿಳು ನೀರಿನಂತೆ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಚೀಟಿಯಲ್ಲಿರುವುದು ಇಂಗ್ಲಿಷ್. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ ನಿಜ, ಆದರೆ ಕ್ಯೂನಲ್ಲಿ ನಿಂತರೆ ಮಗನ ಒಂದು ದಿನದ ಕೂಲಿ ಹೋಗುತ್ತದೆ. ಹಣ, ಭಾಷೆ, ಕ್ಯೂ, ನೋವಿಲ್ಲದ ಧೈರ್ಯ, ಎಲ್ಲವೂ ಒಂದೇ ಮನೆಯಲ್ಲಿ!

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರ ಮುಂದಾಳತ್ವದಲ್ಲಿ ದೇಶದ 14 ಆಸ್ಪತ್ರೆಗಳ 806 ರೋಗಿಗಳ ಮೇಲೆ ನಡೆದ 'ಸ್ಪ್ರೆಡ್' ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲೂ ಮನೆಯಲ್ಲೂ ರೋಗಿಯನ್ನು ಕಂಡು, ಚಿತ್ರ ತೋರಿಸಿ, ಡೈರಿ ಬರೆಸಿದರು. ವರ್ಷದ ಕೊನೆಗೆ ಮಾತ್ರೆ ತಪ್ಪಿಸದವರು ಶೇ. 97, ಕಾರ್ಯಕರ್ತರು ಹೋಗದ ಗುಂಪಿನಲ್ಲಿ ಶೇ. 92. ಬಿ.ಪಿ. ಕೂಡ ತಗ್ಗಿತ್ತು, ತಂಬಾಕು ಬಿಟ್ಟವರೂ ಹೆಚ್ಚು. ಆ 92 ನೋಡಿ ಹಿಗ್ಗಬೇಕಿಲ್ಲ. ಪ್ರಯೋಗದಲ್ಲಿದ್ದೇವೆ ಎಂದು ಅವರಿಗೂ ಗೊತ್ತಿತ್ತು. ಇನ್‌ಸ್ಪೆಕ್ಷನ್ ವಾರದಲ್ಲಿ ಬ್ರಾಂಚಿನ ಲೆಡ್ಜರುಗಳೆಲ್ಲ ಅಚ್ಚುಕಟ್ಟಾಗುವುದನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ.

ಆದ್ದರಿಂದ ಸಮಿತಿಯ ಮುಂದೆ ನನ್ನ ಸಲಹೆ ಇದು: ಹೃದಯ ಚಿಕಿತ್ಸೆಗೆ ಮಂಜೂರಾದ ನೆರವಿನಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಹನ್ನೆರಡು ತಿಂಗಳ ಮಾತ್ರೆಗೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ಡಾಕ್ಟರ ಒಪ್ಪಿಗೆ ಇದ್ದಲ್ಲಿ ಜನೌಷಧಿ ಕೇಂದ್ರದ ಜೆನೆರಿಕ್ ಸಾಕು, ಬೆಲೆ ಬಹಳ ಕಡಿಮೆ. ಹಣದ ಜೊತೆ ಕನ್ನಡ ಬಲ್ಲ ಒಬ್ಬ ಸದಸ್ಯರು ಮನೆಗೆ ಹೋಗಿ ಸ್ಟ್ರಿಪ್‌ನಲ್ಲಿ ಉಳಿದ ಮಾತ್ರೆ ಎಣಿಸಿ ಬರಬೇಕು. ಮಾಂಬಲಂ, ಟ್ರಿಪ್ಲಿಕೇನ್, ಪೆರಂಬೂರು ಕಡೆಯವರು ಕಚೇರಿಯಲ್ಲಿ ಹೆಸರು ಬರೆಸಿ. ಚೀಟಿಯಲ್ಲಿರುವುದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಸದಸ್ಯ ವೈದ್ಯರೊಬ್ಬರಿಗೆ ತೋರಿಸಿ ಕೊಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.